ಮಾಡಿಸಿದುದರ ಲೆಕ್ಕ ಯಾರ ಪಾಲಿಗೆ?

ವ್ಯಾಪಾರ ಮಾಡುವವನು ಧರ್ಮವನ್ನು ಪಾಲಿಸಬಲ್ಲನೆ ಎಂಬ ಪ್ರಶ್ನೆ ನಮ್ಮ ಸಮಾಜಕ್ಕೆ ಹೊಸದೇನೂ ಅಲ್ಲ. ಗೃಹಸ್ಥನು ಮುನಿಯಲ್ಲ. ಅವನು ದುಡಿಯಬೇಕು, ಕುಟುಂಬವನ್ನು ಪೋಷಿಸಬೇಕು, ಅತಿಥಿಗಳನ್ನು ಸತ್ಕರಿಸಬೇಕು, ಚತುರ್ವಿಧ ದಾನವನ್ನು ನಡೆಸಬೇಕು. ಇವೆಲ್ಲಕ್ಕೂ ಅರ್ಥವೇ ಆಧಾರ. ಆದುದರಿಂದಲೇ ನಮ್ಮ ಆಚಾರ್ಯರು ಸಂಪಾದನೆಯನ್ನು ನಿಷೇಧಿಸಲಿಲ್ಲ. ಅದಕ್ಕೊಂದು ಮೇರೆಯನ್ನು ಹಾಕಿದರು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಬೇಕೆಂದೇ ಮಾಡುವ ಮೊದಲನೆಯದು ಶ್ರಾವಕನಿಗೆ ಸರ್ವಥಾ ವರ್ಜ್ಯವೆಂದರು. ಅಡುಗೆ, ಬೇಸಾಯ, ಉದ್ಯಮಗಳಲ್ಲಿ ತಪ್ಪಿಸಲಾಗದೆ ಉಳಿಯುವುದನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳುತ್ತ ಬರಬೇಕೆಂದರು. ಬೆಳಗಾವಿ ಸೀಮೆಯ ಒಕ್ಕಲು ಮನೆತನಗಳಿರಲಿ, ಬೆಂಗಳೂರಿನ ವರ್ತಕ ಕುಟುಂಬಗಳಿರಲಿ, ತಲೆಮಾರುಗಳಿಂದ ಈ ಮೇರೆಯೊಳಗೇ ಬದುಕಲು ಯತ್ನಿಸಿವೆ.

ಆದರೆ ಆ ವಿಧಿಗಳೆಲ್ಲ ಒಬ್ಬ ವ್ಯಕ್ತಿಯನ್ನು ಕಣ್ಣೆದುರಿಗಿಟ್ಟುಕೊಂಡು ಹೇಳಿದವು. ತಕ್ಕಡಿ ಹಿಡಿಯುವವನು ಅವನೇ, ಲಾಭ ಎಣಿಸುವವನು ಅವನೇ, ಸಂಜೆ ಪ್ರತಿಕ್ರಮಣಕ್ಕೆ ಕುಳಿತು ಅಂದಿನ ದೋಷಗಳನ್ನು ನೆನೆಯುವವನೂ ಅವನೇ. ಇಂದಿನ ಕಂಪನಿಯಲ್ಲಿ ಈ ಮೂವರೂ ಬೇರೆ ಬೇರೆಯಾಗಿದ್ದಾರೆ. ಹಣ ಹೂಡಿದವನು ಒಂದು ದೇಶದಲ್ಲಿ, ಆಡಳಿತ ನಡೆಸುವವನು ಇನ್ನೊಂದು ನಗರದಲ್ಲಿ, ಕೆಲಸಗಾರನನ್ನು ಕರೆತಂದ ಗುತ್ತಿಗೆದಾರ ಮತ್ತೆಲ್ಲಿಯೋ ಇರುತ್ತಾನೆ. ಯಾರ ಕೈಯಲ್ಲೂ ಪೂರ್ತಿ ತಕ್ಕಡಿಯಿಲ್ಲ. ಇಂತಹ ವ್ಯವಸ್ಥೆಯಲ್ಲಿ ಅನ್ಯಾಯವೊಂದು ನಡೆದಾಗ ಅದರ ದೋಷ ಯಾರಿಗೆ ಅಂಟುತ್ತದೆ? ಈ ಲೇಖನದ ವಿಚಾರ ಇಷ್ಟೆ.

ಬೆಂಗಳೂರಿನಿಂದ ಕೋಲಾರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹೊಸಕೋಟೆ ಸಿಗುತ್ತದೆ. ಆ ತಾಲ್ಲೂಕಿನ ಪಿಲ್ಲಗುಂಪೆ ರಾಗಿಯ ಸೀಮೆಯ ಒಂದು ಹಳ್ಳಿ. 1966ರ ಕಾಯ್ದೆಯಂತೆ ರಚಿತವಾದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಅಲ್ಲಿ ಕೈಗಾರಿಕಾ ಪ್ರದೇಶವನ್ನು ರೂಪಿಸಿದ ಮೇಲೆ ಹಳ್ಳಿಯ ಹೆಸರು ಕಾರ್ಖಾನೆಗಳ ವಿಳಾಸವಾಯಿತು. ರಾಜ್ಯದ ಇಂತಹ ಪ್ರದೇಶಗಳಲ್ಲೆಲ್ಲ ಕಾಣುವ ನೋಟ ಒಂದೇ. ದೊಡ್ಡ ಕಾರ್ಖಾನೆಗಳು ಕೆಲವು. ಅವುಗಳಿಗೆ ಬಿಡಿಭಾಗ ಮಾಡಿಕೊಡುವ, ಡಬ್ಬ ಕಟ್ಟಿಕೊಡುವ, ಜಾಬ್ ವರ್ಕ್ ಮಾಡಿಕೊಡುವ ಚಿಕ್ಕ ಘಟಕಗಳು ಹಲವು. ಚಿಕ್ಕ ಘಟಕದ ಮಾಲೀಕನು ತಾನೂ ಕೆಲಸಗಾರರೊಡನೆ ಯಂತ್ರದ ಮುಂದೆ ನಿಲ್ಲುವವನು. ಅವನನ್ನು ಬಂಡವಾಳಶಾಹಿ ಎಂದು ಕರೆಯುವುದಕ್ಕೂ ನಾಲಗೆ ಹಿಂಜರಿಯುತ್ತದೆ.

ಇಂತಹ ಒಬ್ಬ ಮಾಲೀಕನನ್ನು ಕಲ್ಪಿಸಿಕೊಳ್ಳೋಣ. ಅವನು ದೊಡ್ಡ ಕಂಪನಿಯೊಂದಕ್ಕೆ ಲೋಹದ ಸಣ್ಣ ಭಾಗವೊಂದನ್ನು ಹತ್ತು ರೂಪಾಯಿಗೆ ಒಂದರಂತೆ ಮಾಡಿಕೊಡುತ್ತಾನೆ. ವರ್ಷ ತಿರುಗುವಷ್ಟರಲ್ಲಿ ಕಂಪನಿಯ ಖರೀದಿ ವಿಭಾಗದಿಂದ ಮಾತು ಬರುತ್ತದೆ: ಐವತ್ತು ಪೈಸೆ ಇಳಿಸಿ, ಇಲ್ಲವಾದರೆ ಬೇರೆಯವರು ಸಿದ್ಧರಿದ್ದಾರೆ. ಮಾಲೀಕನು ಕುಳಿತು ಲೆಕ್ಕ ಹಾಕುತ್ತಾನೆ. ಉಕ್ಕಿನ ಬೆಲೆ ಅವನ ಕೈಯಲ್ಲಿಲ್ಲ. ವಿದ್ಯುತ್ತಿನ ದರ ಅವನ ಕೈಯಲ್ಲಿಲ್ಲ. ಬ್ಯಾಂಕಿನ ಬಡ್ಡಿಯೂ ಇಲ್ಲ. ಅವನ ಕೈಯಲ್ಲಿರುವುದು ಒಂದೇ, ಕೆಲಸಗಾರನ ಕೂಲಿ. ಖಾಯಂ ಕೆಲಸಗಾರರ ಬದಲಿಗೆ ಗುತ್ತಿಗೆದಾರನ ಮೂಲಕ ಜನರನ್ನು ತೆಗೆದುಕೊಂಡರೆ ಆ ಐವತ್ತು ಪೈಸೆ ಹೊರಡುತ್ತದೆ. ಗುತ್ತಿಗೆದಾರನು ಹೇಗೆ ಹೊರಡಿಸುತ್ತಾನೆಂದು ಕೇಳುವ ಅಗತ್ಯವಿಲ್ಲ, ಕೇಳದಿರುವುದೇ ಅನುಕೂಲ. ಹೀಗೆ ಮೇಲಿನ ಮಹಡಿಯಲ್ಲಿ ಉಳಿತಾಯವೆಂಬ ಸಭ್ಯ ಹೆಸರಿನಿಂದ ಹೊರಟ ಮಾತು ಮೆಟ್ಟಿಲಿಳಿಯುತ್ತ ಬಂದು, ಕೊನೆಯ ಮೆಟ್ಟಿಲಿನಲ್ಲಿ ಒಬ್ಬ ಹುಡುಗನ ಭವಿಷ್ಯನಿಧಿಯನ್ನೋ, ಹೆಚ್ಚುವರಿ ದುಡಿಮೆಯ ಸಂಬಳವನ್ನೋ ನುಂಗುತ್ತದೆ. ಈ ಮೆಟ್ಟಿಲುಗಳಲ್ಲಿ ನಿಂತವರಲ್ಲಿ ಯಾರನ್ನು ಕೇಳಿದರೂ, ತಾನು ಯಾರಿಗೂ ಅನ್ಯಾಯ ಮಾಡಲಿಲ್ಲವೆಂದೇ ಹೇಳುತ್ತಾನೆ. ಹೇಳುವಾಗ ಸುಳ್ಳಾಡುತ್ತಿದ್ದೇನೆಂದು ಅವನಿಗೆ ಅನಿಸುವುದೂ ಇಲ್ಲ.

ಬೆಲೆಯಂತೆಯೇ ಹಣದ ಪಾವತಿಯೂ. ಚಿಕ್ಕ ಉದ್ದಿಮೆಗಳಿಂದ ಸರಕು ಕೊಂಡವರು, ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಆದರೆ ಬಡ್ಡಿ ಕೇಳಿದ ಚಿಕ್ಕವನಿಗೆ ಮುಂದಿನ ಆರ್ಡರು ಬರುವ ಭರವಸೆಯಿಲ್ಲ. ಹೀಗಾಗಿ ಹಕ್ಕು ಕಾಗದದಲ್ಲಿ ಉಳಿದು, ದೊಡ್ಡವನ ವ್ಯಾಪಾರ ಚಿಕ್ಕವನ ಹಣದಲ್ಲಿ ನಡೆಯುತ್ತದೆ. 2023ರ ಹಣಕಾಸು ಕಾಯ್ದೆಯು, ಅವಧಿ ಮೀರಿ ಉಳಿಸಿಕೊಂಡ ಇಂತಹ ಬಾಕಿಯನ್ನು ಕೊಡುವವರೆಗೂ ಖರ್ಚೆಂದು ತೆರಿಗೆಯ ಲೆಕ್ಕದಲ್ಲಿ ತೋರಿಸುವಂತಿಲ್ಲವೆಂದು ವಿಧಿಸಬೇಕಾಗಿ ಬಂತು. ಕೊಟ್ಟ ಮಾತಿನಂತೆ ಹಣ ಕೊಡಿಸಲು ತೆರಿಗೆಯ ಬೆದರಿಕೆ ಬೇಕಾಯಿತೆಂಬುದು ವರ್ತಕ ಸಮಾಜಗಳೆಲ್ಲ ಯೋಚಿಸಬೇಕಾದ ಸಂಗತಿ. ಹಿಂದೆ ಸೆಟ್ಟರ ಮಾತಿಗೆ ಹುಂಡಿಯ ಬೆಲೆಯಿತ್ತೆಂದು ಹೆಮ್ಮೆಪಡುವ ನಾವು, ಇಂದು ನಮ್ಮ ಅಂಗಡಿಗೆ ಸರಕು ಹಾಕಿದ ಚಿಕ್ಕ ಉತ್ಪಾದಕನಿಗೆ ಎಷ್ಟು ದಿನಕ್ಕೆ ಹಣ ಸಂದಾಯವಾಗುತ್ತಿದೆ ಎಂಬುದನ್ನು ನೋಡಿಕೊಳ್ಳಬೇಕಲ್ಲವೆ?

ಇದೇ ಹೆದ್ದಾರಿಯಲ್ಲಿ ಹೊಸಕೋಟೆಯನ್ನು ದಾಟಿ ಮುಂದೆ ಹೋದರೆ ಕೋಲಾರ ಜಿಲ್ಲೆಯ ನರಸಾಪುರ. ಅಲ್ಲಿ ತೈವಾನ್ ಮೂಲದ ವಿಸ್ಟ್ರಾನ್ ಕಂಪನಿಯು ಆಪಲ್ ಸಂಸ್ಥೆಗಾಗಿ ಐಫೋನುಗಳನ್ನು ಜೋಡಿಸುವ ಕಾರ್ಖಾನೆ ನಡೆಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿದ ಕೆಲಸಗಾರರ ಅಸಮಾಧಾನ ಸ್ಫೋಟಗೊಂಡು ಕಾರ್ಖಾನೆ ಧ್ವಂಸವಾಯಿತು. ಹೇಳಿದ ಸಂಬಳ ಕೈಗೆ ಬರಲಿಲ್ಲ, ಹೆಚ್ಚುವರಿ ಗಂಟೆಗಳ ಲೆಕ್ಕ ಸರಿಯಿಲ್ಲ ಎಂಬುದು ಅವರ ದೂರು. ಅವರಲ್ಲಿ ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕೆಲಸಗಾರರ ಸಂಖ್ಯೆ ಅಲ್ಪಕಾಲದಲ್ಲಿ 5,000ದಿಂದ 10,500ಕ್ಕೆ ಏರಿತ್ತು, ಹನ್ನೆರಡು ಗಂಟೆಗಳ ಪಾಳಿ ಜಾರಿಯಾಗಿತ್ತು, ಅಷ್ಟು ಜನರ ಹಾಜರಿ-ಸಂಬಳಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾತ್ರ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲವೆಂದು ರಾಜ್ಯದ ಕಾರ್ಖಾನೆ ಇಲಾಖೆಯ ಪ್ರಾಥಮಿಕ ತಪಾಸಣೆ ತಿಳಿಸಿತು. ಒಂದು ವಾರದ ನಂತರ, ಡಿಸೆಂಬರ್ 19ರಂದು, ಕೆಲವು ಕೆಲಸಗಾರರಿಗೆ ಸರಿಯಾಗಿ, ಸಕಾಲದಲ್ಲಿ ವೇತನ ಸಂದಾಯವಾಗಿರಲಿಲ್ಲವೆಂದು ವಿಸ್ಟ್ರಾನ್ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಸ್ಥಾನದಿಂದ ತೆಗೆಯಿತು. ದೋಷಗಳನ್ನು ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆಪಲ್ ಹೇಳಿತು. ಕಾರ್ಖಾನೆ 2021ರಲ್ಲಿ ಮತ್ತೆ ತೆರೆಯಿತು. 2023ರಲ್ಲಿ ಟಾಟಾ ಸಮೂಹ ಅದನ್ನು ಕೊಂಡುಕೊಂಡಿತು.

ಅಂದು ಯಂತ್ರಗಳನ್ನು ಒಡೆದದ್ದು, ವಾಹನಗಳನ್ನು ಉರುಳಿಸಿದ್ದು ಹಿಂಸೆಯೇ. ಅದನ್ನು ಸಮರ್ಥಿಸುವ ಮಾತು ಅಹಿಂಸಾಧರ್ಮಿಗಳ ಬಾಯಲ್ಲಿ ಬರಬಾರದು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಗಿ, ಒಡೆದವರ ಲೆಕ್ಕ ಬೇಗನೆ ಸಿಕ್ಕಿತು. ಆದರೆ ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆದದ್ದಕ್ಕೆ ಏನು ಹೆಸರು, ಅದರ ಲೆಕ್ಕ ಯಾರ ಪಾಲಿಗೆ? ಏಜೆನ್ಸಿಯವರು ಕಂಪನಿಯತ್ತ ಬೆರಳು ಮಾಡಬಹುದು, ಕಂಪನಿ ಏಜೆನ್ಸಿಗಳತ್ತ. ಫೋನಿನ ಮೇಲೆ ಹೆಸರು ಹಾಕಿದ ಸಂಸ್ಥೆ ಸಾವಿರಾರು ಮೈಲಿ ದೂರದಲ್ಲಿದೆ. ಅದರ ಷೇರು ಹೊಂದಿದವರಿಗೆ ನರಸಾಪುರ ಎಂಬ ಊರಿದೆಯೆಂಬುದೇ ತಿಳಿಯದು. ಫೋನು ಕೊಂಡವರು ನಾವು, ನಮ್ಮ ಮಕ್ಕಳು.

ಸದ್ದಿಲ್ಲದೆ ನಡೆದದ್ದರ ಹೆಸರನ್ನು ನಮ್ಮ ಶಾಸ್ತ್ರದಲ್ಲಿ ಹುಡುಕಬೇಕಾಗಿಲ್ಲ. ಅದು ಮೊದಲನೆಯ ಅಣುವ್ರತದಲ್ಲಿಯೇ ಇದೆ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಎಣಿಸುತ್ತವೆ. ಕಟ್ಟುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು ಎಂಬ ಮೂರು ಎಲ್ಲರಿಗೂ ಹಿಂಸೆಯೆಂದೇ ತೋರುತ್ತವೆ. ಉಳಿದೆರಡು ಹಾಗೆ ತೋರುವುದಿಲ್ಲ. ಒಂದು ಅತಿಭಾರಾರೋಪಣ, ಎಂದರೆ ನ್ಯಾಯವಾದುದಕ್ಕಿಂತ ಹೆಚ್ಚಿನ ಹೊರೆ ಹೊರಿಸುವುದು. ಇನ್ನೊಂದು ಅನ್ನಪಾನನಿರೋಧ, ಎಂದರೆ ಆಶ್ರಯದಲ್ಲಿರುವ ಜೀವಕ್ಕೆ ಸಲ್ಲಬೇಕಾದ ಆಹಾರವನ್ನು ತಡೆಹಿಡಿಯುವುದು. ವ್ಯಾಖ್ಯಾನಕಾರರು ಇಲ್ಲಿ ಎತ್ತು, ಹಸುಗಳ ಉದಾಹರಣೆ ಕೊಡುತ್ತಾರೆ. ಎತ್ತಿಗೆ ಸಲ್ಲುವ ನ್ಯಾಯ ಮನುಷ್ಯನಿಗೆ ಸಲ್ಲದೆ ಇರುತ್ತದೆಯೆ? ಎಂಟು ಗಂಟೆಯ ದೇಹಕ್ಕೆ ಹನ್ನೆರಡು ಗಂಟೆಯ ಕೆಲಸ ಅತಿಭಾರವಲ್ಲದೆ ಮತ್ತೇನು? ದುಡಿದವನ ಸಂಬಳವನ್ನು ಹಿಡಿದಿಟ್ಟುಕೊಳ್ಳುವುದು ಅವನ ಮನೆಯ ಅನ್ನವನ್ನು ತಡೆದಂತಲ್ಲವೆ? ನಾವು ಕೂಲಿಯ ಪ್ರಶ್ನೆಯನ್ನು ಕಾನೂನಿನ ಪ್ರಶ್ನೆಯೆಂದೂ, ಹೆಚ್ಚೆಂದರೆ ಅಸ್ತೇಯದ ಪ್ರಶ್ನೆಯೆಂದೂ ತಿಳಿಯುತ್ತೇವೆ. ಆಚಾರ್ಯರು ಅದನ್ನು ಅಹಿಂಸೆಯ ಒಳಗೇ ಇಟ್ಟಿದ್ದಾರೆ. ರಾತ್ರಿಭೋಜನವನ್ನು ತ್ಯಜಿಸಿ, ನೀರು ಸೋಸಿ ಕುಡಿದು, ಇರುವೆಯನ್ನೂ ತಪ್ಪಿಸಿ ನಡೆಯುವ ಶ್ರಾವಕನ ಹಾಜರಿ ಪುಸ್ತಕದಲ್ಲಿ ಈ ಎರಡು ಅತಿಚಾರಗಳಿದ್ದರೆ, ಅವನ ವ್ರತಕ್ಕೆ ಮೊದಲ ಮೆಟ್ಟಿಲಿನಲ್ಲಿಯೇ ಭಂಗ ಬಂದಿದೆ.

ಇನ್ನು ದೋಷ ಯಾರ ಪಾಲಿಗೆ ಎಂಬ ಪ್ರಶ್ನೆ. ಇಲ್ಲಿಯೇ ಜೈನ ವಿಚಾರವು ಇಂದಿನ ವ್ಯವಸ್ಥೆಯ ಮರ್ಮವನ್ನು ಮುಟ್ಟುತ್ತದೆ. ಕ್ರಿಯೆಯನ್ನು ನಾವು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ಎಣಿಸುತ್ತೇವೆ: ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳನ್ನು ಮನ, ವಚನ, ಕಾಯಗಳೆಂಬ ಮೂರರಿಂದ ಗುಣಿಸಿ, ಕೃತ, ಕಾರಿತ, ಅನುಮೋದಿತಗಳೆಂಬ ಮೂರರಿಂದ ಗುಣಿಸಿ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕರಿಂದ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳ ಸಂಖ್ಯೆಗೆ ಈ ಅರ್ಥವನ್ನು ಹೇಳುವುದುಂಟು. ನಿತ್ಯ ಮಣಿ ಎಣಿಸುವ ಕೈಗೆ ಅದರ ಮೂರನೆಯೊಂದು ಭಾಗ ತಾನು ಮಾಡಿದ್ದಲ್ಲ, ಮಾಡಿಸಿದ್ದು ಎಂಬುದು ನೆನಪಿರಬೇಕು. ಸಮಂತಭದ್ರಾಚಾರ್ಯರು ಗೃಹಸ್ಥನ ಅಹಿಂಸಾಣುವ್ರತದಲ್ಲಿಯೇ ಈ ಮೂರನ್ನೂ ಸೇರಿಸಿದ್ದಾರೆ. ಅದು ಮುನಿಗಳಿಗೆ ಮಾತ್ರ ಮೀಸಲಾದ ಸೂಕ್ಷ್ಮವಲ್ಲ.

ಕನ್ನಡಿಗರಿಗೆ ಇದನ್ನು ತಿಳಿಸಲು ಜನ್ನನ ಯಶೋಧರ ಚರಿತೆಯೇ ಸಾಕು. 1209ರ ಆ ಕಾವ್ಯದಲ್ಲಿ ಯಶೋಧರನು ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು; ಅದೂ ತಾಯಿ ಚಂದ್ರಮತಿಯ ಒತ್ತಾಯಕ್ಕೆ. ಜೀವವಿಲ್ಲದ ಕೋಳಿಯೆಂದು ಮಗನಿಗೆ ವಿನಾಯಿತಿ ಸಿಗಲಿಲ್ಲ. ಕತ್ತಿ ಹಿಡಿಯಲಿಲ್ಲವೆಂದು ತಾಯಿಗೂ ಸಿಗಲಿಲ್ಲ. ಮಾಡಿದವನೂ ಮಾಡಿಸಿದವಳೂ ಒಟ್ಟೊಟ್ಟಿಗೆ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಗುತ್ತಿಗೆಯ ಕಾಗದದ ಕೆಳಗೆ ಸಹಿ ಹಾಕಿ, ಮುಂದಿನದು ತನಗೆ ಸಂಬಂಧಿಸಿದ್ದಲ್ಲವೆಂದು ಕೈ ತೊಳೆದುಕೊಳ್ಳುವವನು ಚಂದ್ರಮತಿಯ ಕಥೆಯನ್ನು ಇನ್ನೊಮ್ಮೆ ಓದಬೇಕು.

ಕಂಪನಿ ಎಂಬುದು ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿ. ಅದು ಆಸ್ತಿ ಹೊಂದಬಲ್ಲದು, ದಾವೆ ಹೂಡಬಲ್ಲದು. ಷೇರುದಾರರು ಸತ್ತರೂ ಅದಕ್ಕೆ ಸಾವಿಲ್ಲ. ಷೇರುದಾರನ ಹೊಣೆ ಅವನ ಷೇರಿನ ಮೊತ್ತಕ್ಕೆ ಸೀಮಿತ. ಈ ಏರ್ಪಾಡಿನಿಂದ ದೊಡ್ಡ ಉದ್ಯಮಗಳು ಸಾಧ್ಯವಾದವೆಂಬುದನ್ನು ಅಲ್ಲಗಳೆಯಲಾಗದು. ಸೊಲ್ಲಾಪುರದ ದಿಗಂಬರ ಜೈನ ಮನೆತನದ ವಾಲಚಂದ ಹೀರಾಚಂದರು 1940ರಲ್ಲಿ ಮೈಸೂರು ಸರಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ್ದು ಕಂಪನಿಯ ರೂಪದಲ್ಲಿಯೇ. ಆದರೆ ತತ್ತ್ವದೃಷ್ಟಿಯಿಂದ ಕಂಪನಿ ಜೀವವಲ್ಲ. ಅದಕ್ಕೆ ಉಪಯೋಗಲಕ್ಷಣವಿಲ್ಲ, ಕಷಾಯವಿಲ್ಲ, ಆದ್ದರಿಂದ ಕರ್ಮಬಂಧವೂ ಇಲ್ಲ. ಬಂಧ ಜೀವಕ್ಕೆ ಮಾತ್ರ. ಕಂಪನಿಯ ಹೆಸರಿನಲ್ಲಿ ನಡೆದ ಪ್ರತಿಯೊಂದು ಕ್ರಿಯೆಯ ಆಸ್ರವವೂ ಅದನ್ನು ಸಂಕಲ್ಪಿಸಿದ, ಮಾಡಿಸಿದ, ಮಾಡಿದ, ಮೆಚ್ಚಿದ ಜೀವಗಳಿಗೇ ಸೇರುತ್ತದೆ. ಸೀಮಿತ ಹೊಣೆ ಎಂಬ ಸೌಲಭ್ಯ ನ್ಯಾಯಾಲಯದಲ್ಲಿ ಉಂಟು, ಕರ್ಮಸಿದ್ಧಾಂತದಲ್ಲಿ ಇಲ್ಲ.

ಲೌಕಿಕ ಚಿಂತಕರಲ್ಲಿಯೂ ಈ ವಾದ ನಡೆದಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಉದ್ಯಮದ ಸಾಮಾಜಿಕ ಹೊಣೆಯೆಂದರೆ ಲಾಭವನ್ನು ಹೆಚ್ಚಿಸುವುದೇ ಎಂದು ವಾದಿಸಿದರು. ವ್ಯವಸ್ಥಾಪಕನು ಒಡೆಯರ ಹಣದ ಕಾವಲುಗಾರ. ಆ ಹಣದಲ್ಲಿ ತನಗೆ ತೋಚಿದ ಪುಣ್ಯಕಾರ್ಯ ಮಾಡುವ ಅಧಿಕಾರ ಅವನಿಗಿಲ್ಲ ಎಂಬುದು ಅವರ ತರ್ಕ. ಅದರಲ್ಲಿ ತಥ್ಯವಿಲ್ಲದಿಲ್ಲ. ಕಾನೂನಿನ ಮತ್ತು ರೂಢಿಯ ನೀತಿಯ ಮೇರೆಯೊಳಗೆ ಎಂಬ ಷರತ್ತನ್ನೂ ಅವರು ಹಾಕಿದ್ದರು. ಅವರ ಅನುಯಾಯಿಗಳು ಲಾಭವನ್ನು ನೆನಪಿಟ್ಟುಕೊಂಡಷ್ಟು ಷರತ್ತನ್ನು ಇಟ್ಟುಕೊಳ್ಳಲಿಲ್ಲ. ಭಾರತದ ಕಾನೂನು ಬೇರೆ ದಾರಿ ಹಿಡಿದಿದೆ. 2013ರ ಕಂಪನಿ ಕಾಯ್ದೆಯ 166ನೆಯ ಕಲಮು, ನಿರ್ದೇಶಕನು ಷೇರುದಾರರ ಹಿತದೊಂದಿಗೆ ನೌಕರರ, ಸಮುದಾಯದ, ಪರಿಸರದ ಹಿತವನ್ನೂ ನೋಡಬೇಕೆನ್ನುತ್ತದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯು, ಗುತ್ತಿಗೆದಾರನು ವೇತನ ಕೊಡದೆ ಹೋದರೆ ಮುಖ್ಯ ಮಾಲೀಕನೇ ಕೊಡಬೇಕೆಂದು ವಿಧಿಸಿತ್ತು; ಆ ಕಾಯ್ದೆಯ ಸ್ಥಾನದಲ್ಲಿ ಬಂದ ಕಾರ್ಮಿಕ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇದು ಕಾರಿತದ ತತ್ತ್ವವೇ ಅಲ್ಲವೆ? ಕಾನೂನು ಅರ್ಧ ದಾರಿ ಬಂದಿದೆ. ಉಳಿದರ್ಧ ಅಂತಃಕರಣದ್ದು.

ಇಷ್ಟಾದರೂ ಕಂಪನಿಗೂ ಶ್ರಾವಕನಿಗೂ ಒಂದು ಮೂಲಭೂತ ವ್ಯತ್ಯಾಸ ಉಳಿಯುತ್ತದೆ. ಶ್ರಾವಕನು ಪರಿಗ್ರಹಪರಿಮಾಣ ವ್ರತವನ್ನು ತೆಗೆದುಕೊಳ್ಳಬಲ್ಲ. ಶ್ವೇತಾಂಬರ ಆಗಮವಾದ ಉಪಾಸಕದಶಾದಲ್ಲಿ ಬರುವ ಗೃಹಪತಿ ಆನಂದನು ಬಡವನಲ್ಲ. ನಿಧಿಯಲ್ಲಿ ನಾಲ್ಕು ಕೋಟಿ, ವ್ಯವಹಾರದಲ್ಲಿ ನಾಲ್ಕು ಕೋಟಿ, ಮನೆಯ ಸಾಮಗ್ರಿಯಲ್ಲಿ ನಾಲ್ಕು ಕೋಟಿ ಸುವರ್ಣ. ಹತ್ತು ಸಾವಿರದ ನಾಲ್ಕು ಗೋಮಂದೆಗಳು. ಅವನು ಇವನ್ನು ಬಿಟ್ಟು ಹೋಗಲಿಲ್ಲ; ಇದಕ್ಕಿಂತ ಮುಂದಕ್ಕೆ ಬೇಡವೆಂದು ಭಗವಾನ್ ಮಹಾವೀರರ ಮುಂದೆ ಎಣಿಸಿ ಹೇಳಿದ. ಯಾವ ಕಂಪನಿಯೂ ಹೀಗೆ ಹೇಳಲಾರದು. ಕಳೆದ ವರ್ಷದಷ್ಟೇ ಲಾಭ ಬಂದರೆ ಅದನ್ನು ಪೇಟೆಯವರು ಸೋಲೆನ್ನುತ್ತಾರೆ. ಪರಿಮಿತ ಪರಿಗ್ರಹಕ್ಕೆ ಸಮಂತಭದ್ರಾಚಾರ್ಯರು ಹೇಳುವ ಐದು ಅತಿಚಾರಗಳಲ್ಲಿ ವಿಸ್ಮಯ, ಲೋಭಗಳೂ ಇವೆ. ತಾನು ಮಾರಿದ ಮೇಲೆ ಇತರರಿಗೆ ಹೆಚ್ಚು ಲಾಭ ಬಂತೆಂದು ಕಳವಳಪಡುವುದು ಮೊದಲನೆಯದು. ಒಳ್ಳೆಯ ಲಾಭ ಬಂದ ಮೇಲೂ ಇನ್ನಷ್ಟು ಬರಲೆಂದು ಹಂಬಲಿಸುವುದು ಎರಡನೆಯದು. ಶಕ್ತಿಮೀರಿ ನಡೆಸುವುದು, ಮಿತಿಮೀರಿ ಸಂಗ್ರಹಿಸುವುದು, ಹೊರಲಾರದಷ್ಟು ಹೊರಿಸುವುದು ಉಳಿದ ಮೂರು. ಷೇರು ಪೇಟೆಯ ಒಂದು ದಿನದ ಮನಃಸ್ಥಿತಿಯನ್ನು ಇದಕ್ಕಿಂತ ಚಿಕ್ಕದಾಗಿ ವರ್ಣಿಸುವುದು ಕಷ್ಟ. ಲೋಭವನ್ನೂ ಅತಿಭಾರವನ್ನೂ ಆಚಾರ್ಯರು ಒಂದೇ ಸಾಲಿನಲ್ಲಿ ಇಟ್ಟದ್ದು ಆಕಸ್ಮಿಕವಲ್ಲ. ಮೇಲಿನವನಿಗೆ ಸಾಕೆನಿಸದಿರುವುದರಿಂದಲೇ ಕೆಳಗಿನವನ ಬೆನ್ನಿನ ಹೊರೆ ಹೆಚ್ಚುತ್ತದೆ.

ಇಲ್ಲಿ ಒಬ್ಬ ಉದ್ಯಮಿ ಎದ್ದು ನಿಂತು ಹೇಳಬಹುದು: ‘ನೀವು ಹೇಳುವುದೆಲ್ಲ ನಿಜ. ಆದರೆ ನಾನೊಬ್ಬನೇ ನ್ಯಾಯವಾದ ಕೂಲಿ ಕೊಟ್ಟು ಬೆಲೆ ಏರಿಸಿದರೆ ಆರ್ಡರು ಪಕ್ಕದವನಿಗೆ ಹೋಗುತ್ತದೆ. ನನ್ನ ಘಟಕ ಮುಚ್ಚಿದರೆ ಆ ಮೂವತ್ತು ಮಂದಿಗೆ ಅನ್ನ ಹಾಕುವವರು ಯಾರು?’ ಈ ಮಾತನ್ನು ಹಗುರವಾಗಿ ಕಾಣಬಾರದು. ಪಿಲ್ಲಗುಂಪೆಯಂತಹ ಕಡೆ ಚಿಕ್ಕ ಘಟಕ ನಡೆಸುವವನ ಸಂಕಟ ಸುಳ್ಳಲ್ಲ. ಇನ್ನೊಬ್ಬರು ಇನ್ನೊಂದು ಆಕ್ಷೇಪ ಎತ್ತಬಹುದು: ಅನುಮೋದನೆಯೂ ದೋಷವಾದರೆ ಫೋನು ಹಿಡಿದ, ಬಟ್ಟೆ ತೊಟ್ಟ ಎಲ್ಲರೂ ದೋಷಿಗಳೇ, ಎಲ್ಲರೂ ದೋಷಿಗಳೆಂದರೆ ಯಾರೂ ದೋಷಿಯಲ್ಲವೆಂದಂತೆ. ಬಾಂಗ್ಲಾದೇಶದ ಢಾಕಾದ ಬಳಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಸಿದ್ಧ ಉಡುಪು ಕಾರ್ಮಿಕರು ಸತ್ತಾಗ, ದೂರ ದೂರದ ದೇಶಗಳ ಗ್ರಾಹಕರು ಕೇಳಿಕೊಂಡ ಪ್ರಶ್ನೆಯೂ ಇದೇ.

ಎರಡೂ ಆಕ್ಷೇಪಗಳಿಗೆ ಉತ್ತರ ಒಂದೇ ಕಡೆ ಸಿಗುತ್ತದೆ. ಒಂದೇ ಕ್ರಿಯೆಯಲ್ಲಿ ಭಾಗಿಗಳಾದ ಎಲ್ಲರಿಗೂ ಆಸ್ರವ ಸಮವಲ್ಲವೆಂದು ತತ್ತ್ವಾರ್ಥಸೂತ್ರ ಸ್ಪಷ್ಟಪಡಿಸಿದೆ. ಭಾವದ ತೀವ್ರತೆ ಮಂದತೆಗಳು, ಅರಿತು ಮಾಡಿದ್ದೋ ಅರಿಯದೆ ಮಾಡಿದ್ದೋ ಎಂಬುದು, ಆಧಾರ, ಕರ್ತೃವಿನ ಸಾಮರ್ಥ್ಯ, ಇವುಗಳಿಂದ ಅದು ಭೇದಗೊಳ್ಳುತ್ತದೆ. ಹಾಗಾದರೆ ಐವತ್ತು ಪೈಸೆ ಇಳಿಸೆಂದು ಆಜ್ಞೆ ಮಾಡುವ ಸಾಮರ್ಥ್ಯವುಳ್ಳವನ ಪಾಲು, ಆ ಆಜ್ಞೆಗೆ ಮಣಿದ ಚಿಕ್ಕವನ ಪಾಲಿಗಿಂತ ದೊಡ್ಡದು. ಮಣಿದವನ ಪಾಲು ಸೊನ್ನೆಯಲ್ಲ. ತನ್ನ ಸ್ವಂತ ಲಾಭವನ್ನು ಒಂದಿಷ್ಟೂ ಮುಟ್ಟದೆ ಇಡೀ ಐವತ್ತು ಪೈಸೆಯನ್ನು ಕೆಳಗೆ ಜಾರಿಸಿದ್ದರೆ ಅವನ ಸಂಕಟದ ಮಾತು ಅಷ್ಟರಮಟ್ಟಿಗೆ ಪೊಳ್ಳು. ಅಂಗಡಿಯಲ್ಲಿ ಫೋನು ಕೊಂಡವನ ಪಾಲು ಅತ್ಯಲ್ಪ. ಆದರೆ ಅರಿವು ಬಂದ ಕೂಡಲೆ ಅದು ಬೆಳೆಯುತ್ತದೆ. ಅರಿಯದಿರುವುದಕ್ಕೂ ಅರಿಯಲು ಒಲ್ಲದಿರುವುದಕ್ಕೂ ಭೇದವಿದೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯ ಉಮಾಸ್ವಾಮಿಗಳು ಮುಂದಿಟ್ಟದ್ದು ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು. ಗುತ್ತಿಗೆದಾರನು ಇಷ್ಟು ಕಡಿಮೆ ದರಕ್ಕೆ ಜನರನ್ನು ಹೇಗೆ ತರುತ್ತಾನೆಂದು ಕೇಳದಿರುವುದು ಅಜ್ಞಾನವಲ್ಲ, ಪ್ರಮಾದ. ಉದ್ಯೋಗೀ ಹಿಂಸೆಯೆಂಬ ವಿನಾಯಿತಿಯೂ ಇಲ್ಲಿ ನೆರವಿಗೆ ಬಾರದು. ಕುಲುಮೆ ಉರಿದಾಗ ಸಾಯುವ ಸೂಕ್ಷ್ಮಜೀವಿಗಳಿಗೆ ಅದು ಅನ್ವಯಿಸುತ್ತದೆ. ಉದ್ಯಮ ನಡೆಯಲು ಅದು ಅನಿವಾರ್ಯ. ಕೂಲಿಯನ್ನು ತಡೆಹಿಡಿಯುವುದು ಉದ್ಯಮಕ್ಕೆ ಅನಿವಾರ್ಯವಲ್ಲ, ಲಾಭದ ಒಂದು ಪ್ರಮಾಣಕ್ಕೆ ಮಾತ್ರ ಅನಿವಾರ್ಯ.

ನಮ್ಮಲ್ಲಿ ಇನ್ನೊಂದು ಸಮಾಧಾನ ಬಹಳ ಪ್ರಚಲಿತ. ಗಳಿಸುವಾಗ ಏನಾದರೂ ಆಗಿರಲಿ, ಗಳಿಸಿದ್ದರಲ್ಲಿ ದಾನ ಮಾಡಿದರಾಯಿತು ಎಂಬುದು. 2013ರ ಕಂಪನಿ ಕಾಯ್ದೆಯು ನಿರ್ದಿಷ್ಟ ಪ್ರಮಾಣಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕೆಂದ ಮೇಲೆ ಈ ಸಮಾಧಾನಕ್ಕೆ ಕಾನೂನಿನ ಬಲವೂ ಸಿಕ್ಕಂತಾಗಿದೆ. ಆ ಹಣದಿಂದ ಶಾಲೆ, ಆಸ್ಪತ್ರೆಗಳಿಗೆ ನೆರವಾಗುವುದು ಒಳ್ಳೆಯದೇ. ಆದರೆ ಶೇ. 2ರ ಲೆಕ್ಕ ಉಳಿದ ಶೇ. 98 ಹೇಗೆ ಬಂತೆಂದು ಕೇಳುವುದಿಲ್ಲ. ನಮ್ಮ ಪರಂಪರೆ ಕೇಳುತ್ತದೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕಧರ್ಮಕ್ಕೆ ಅರ್ಹನಾದ ಗೃಹಸ್ಥನ ಗುಣಗಳನ್ನು ಎಣಿಸುವಾಗ ಮೊದಲು ಇಟ್ಟದ್ದು ನ್ಯಾಯದಿಂದ ಧನ ಗಳಿಸುವುದನ್ನು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಬರುವ 35 ಗುಣಗಳಲ್ಲಿಯೂ ಮೊದಲನೆಯದು ಅದೇ. ಪಂಥ ಬೇರೆಯಾದರೂ ಮೊದಲ ಮಾತು ಬೇರೆಯಾಗಲಿಲ್ಲ. ಗಳಿಕೆಯ ಶುದ್ಧಿ ಮೊದಲು, ದಾನದ ಶೋಭೆ ಆಮೇಲೆ. ತಡೆಹಿಡಿದ ಕೂಲಿಯಿಂದ ಕಲಶ ಹಿಡಿದರೆ, ಆ ಕಲಶದ ಹಾಲಿನಲ್ಲಿ ಬೇರೊಬ್ಬರ ಮಕ್ಕಳ ಪಾಲೂ ಇರುತ್ತದೆ.

ಇದರಿಂದ ಬಸದಿಗಳ ಟ್ರಸ್ಟುಗಳಿಗೆ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಬಂದ ದಾನದ ಮೂಲವನ್ನು ವಿಚಾರಿಸಬೇಕೆ? ಪ್ರತಿಯೊಬ್ಬ ದಾನಿಯ ಲೆಕ್ಕಪತ್ರ ತೆರೆದು ನೋಡುವುದು ಸಾಧ್ಯವೂ ಅಲ್ಲ, ಸಭ್ಯತೆಯೂ ಅಲ್ಲ. ಜೀರ್ಣೋದ್ಧಾರವಾಗದೆ ಸೋರುತ್ತಿರುವ ಬಸದಿಯ ಮುಂದೆ ನಿಂತ ಟ್ರಸ್ಟಿಗೆ ಹಣ ನಿರಾಕರಿಸೆಂದು ದೂರದಲ್ಲಿ ಕುಳಿತು ಬರೆಯುವುದು ಸುಲಭ. ಆದರೆ ಒಂದು ಮೇರೆ ಹಾಕಬಹುದು. ಸಾರ್ವಜನಿಕವಾಗಿ ರುಜುವಾತಾದ ಅನ್ಯಾಯವನ್ನು ಸರಿಪಡಿಸದೆ ಇರುವವರಿಗೆ ವೇದಿಕೆಯ ಮೇಲೆ ಶಾಲು ಹೊದಿಸಿ ಬಿರುದು ಕೊಡದಿರುವುದು ಟ್ರಸ್ಟಿನ ಕೈಯಲ್ಲಿದೆ. ಸನ್ಮಾನವೆಂಬುದು ಅನುಮೋದನೆಯ ಅತ್ಯಂತ ಸ್ಪಷ್ಟವಾದ ರೂಪ.

ಕುಟುಂಬಗಳಿಗೂ ಅಷ್ಟೆ. ಕಂಪನಿ ವ್ರತ ತೆಗೆದುಕೊಳ್ಳಲಾರದು; ಅದರಲ್ಲಿ ಹಣ ಹೂಡಿದ, ಅದರ ಮಂಡಳಿಯಲ್ಲಿ ಕುಳಿತ, ಅದಕ್ಕೆ ಸರಕು ಒದಗಿಸುವ ಮನುಷ್ಯರು ತೆಗೆದುಕೊಳ್ಳಬಲ್ಲರು. ಇದಕ್ಕಿಂತ ಹೆಚ್ಚಿನ ಲಾಭ ಕೂಲಿಯಲ್ಲಿ ಕಡಿತದಿಂದ ಬರುವುದಾದರೆ ಬೇಡ ಎಂಬುದು ಒಂದು ಅಣುವ್ರತ. ಚಿಕ್ಕ ಸರಬರಾಜುದಾರನ ಹಣವನ್ನು 45ನೆಯ ದಿನ ದಾಟಿಸೆನು ಎಂಬುದು ಇನ್ನೊಂದು. ಗುತ್ತಿಗೆದಾರನು ಪ್ರತಿ ತಿಂಗಳು ಕೆಲಸಗಾರರಿಗೆ ಕೊಟ್ಟ ಸಂಬಳದ ದಾಖಲೆ ನೋಡದೆ ಅವನ ಬಿಲ್ಲಿಗೆ ಸಹಿ ಹಾಕೆನು ಎಂಬುದು ಮತ್ತೊಂದು. ಇವು ವ್ಯವಸ್ಥೆಯನ್ನು ಬದಲಾಯಿಸುವಷ್ಟು ದೊಡ್ಡವಲ್ಲ. ಆದರೆ ಪಕ್ಕದ ಘಟಕದವನೂ ಇದೇ ವ್ರತ ತೆಗೆದುಕೊಂಡ ದಿನ, ಸ್ಪರ್ಧೆಯ ಭಯವೆಂಬ ನೆಪ ಅಷ್ಟರಮಟ್ಟಿಗೆ ಕ್ಷೀಣಿಸುತ್ತದೆ. ಸಂಘಗಳು, ಟ್ರಸ್ಟುಗಳು ಇರುವುದು ಒಬ್ಬನಿಗೆ ಕಷ್ಟವಾದುದನ್ನು ಹಲವರು ಕೂಡಿ ಸಾಧಿಸುವುದಕ್ಕೇ ಅಲ್ಲವೆ?

ಆರಂಭ ಎಲ್ಲಿಂದ ಎಂದು ಕೇಳಿದರೆ ದೂರ ಹೋಗಬೇಕಾಗಿಲ್ಲ. ಬಸದಿಯ ಟ್ರಸ್ಟೂ ಒಬ್ಬ ಮಾಲೀಕನೇ. ಅದರ ಛತ್ರದಲ್ಲಿ ಅಡುಗೆ ಮಾಡುವವರು, ಅಂಗಳ ಗುಡಿಸುವವರು, ರಾತ್ರಿ ಕಾವಲು ಕಾಯುವವರು, ಜೀರ್ಣೋದ್ಧಾರದಲ್ಲಿ ಕಲ್ಲು ಹೊರುವವರು ಇದ್ದಾರೆ. ಅವರಲ್ಲಿ ಹಲವರು ಗುತ್ತಿಗೆದಾರರ ಮೂಲಕ ಬಂದವರೇ. ಪಂಚಕಲ್ಯಾಣದ ದಿನಗಳಲ್ಲಿ ಅವರ ದುಡಿಮೆ ಎಷ್ಟು ಗಂಟೆ, ಅದಕ್ಕೆ ಸಂದದ್ದೆಷ್ಟು, ಸಂದದ್ದು ಯಾವಾಗ ಎಂದು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯ ಸೇರಿಸಿದರೆ ಸಾಕು. ಆ ಪುಸ್ತಕವನ್ನು ತೆರೆದು ನೋಡಿದ ಮೇಲೆ ಕಂಪನಿಗಳ ನೀತಿಯ ಬಗೆಗೆ ಮಾತನಾಡುವ ಅಧಿಕಾರ ನಮಗೆ ತಾನಾಗಿಯೇ ಬರುತ್ತದೆ.